ಚಪ್ಪಲಿ ಅಂಗಡಿಯ ನೀರುನಾಯಿ

ಬೋರಣ್ಣ ಯಾವ ಡಬ್ಬವನ್ನೂ ನಿಂತು ನೋಡಿದವನಲ್ಲ. ಚಪ್ಪಲಿ ಅಂಗಡಿಯ ನೆಲದ ಮೇಲೆ ಡಬ್ಬ ಇಟ್ಟು, ಮಂಡಿಯೂರಿ, ಬಲಗೆನ್ನೆಯನ್ನು ನೆಲಕ್ಕೆ ಒತ್ತಿ, ಒಂದು ಕಣ್ಣು ಮುಚ್ಚಿ ಒಳಗೆ ಇಣುಕುತ್ತಿದ್ದ. ಅರವತ್ತು ದಾಟಿದ ಗಂಡಸು, ಹಿಂಭಾಗವನ್ನು ರಸ್ತೆಗೆ ತಿರುಗಿಸಿಕೊಂಡು ಹಾಗೆ ಬಿದ್ದಿರುವಾಗ ಗಿರಾಕಿಗಳು ಒಂದು ಕಾಲಿಗೆ ಹೊಸ ಚಪ್ಪಲಿ, ಇನ್ನೊಂದು ಕಾಲಿಗೆ ಹಳೆಯದು ಹಾಕಿಕೊಂಡು ಕಾಯುತ್ತ ನಿಂತಿರುತ್ತಿದ್ದರು. ಯಾರಾದರೂ ಅವಸರ ಮಾಡಿದರೆ, "ತಡ್ಕಳಿ ಸ್ವಾಮಿ, ಮುಂಗುಸಿ ಮನೇಲಿವ್ನಿ, ಬತ್ತೀನಿ" ಎಂದು ನೆಲದಿಂದಲೇ ಉತ್ತರ ಬರುತ್ತಿತ್ತು. ಗಿರಾಕಿಗಳಲ್ಲಿ ಕೆಲವರು ಬೈದುಕೊಂಡು ಹೋಗುತ್ತಿದ್ದರು, ಕೆಲವರು ಅವನ ಪಕ್ಕದಲ್ಲೇ ಬಗ್ಗಿ ತಾವೂ ನೋಡುತ್ತಿದ್ದರು.

ಕೆ.ಆರ್. ಪೇಟೆಯಲ್ಲಿ ಹೊಸಹೊಳಲು ರಸ್ತೆಗೆ ತಿರುಗುವ ಕಡೆ ಇದ್ದ ಆ ಅಂಗಡಿ ಅವನದಾಗಿರಲಿಲ್ಲ, ಅವನ ತಂಗಿಯ ಗಂಡನದು. ಆತನಿಗೆ ಮಂಡಿನೋವು ಹೆಚ್ಚಾಗಿ ಕೂತು ಏಳುವುದು ಆಗದೆ ಹೋದಾಗ ಅಕ್ಕಿಹೆಬ್ಬಾಳಿನಿಂದ ಬೋರಣ್ಣ ಬಂದ. ಹೇಮಾವತಿ ಹೊಳೆಯಂಚಿನಲ್ಲಿ ಹುಟ್ಟಿ ಬೆಳೆದು, ಬೇಸಾಯ ಮಾಡಿ, ಅದನ್ನು ಮಗನಿಗೆ ಒಪ್ಪಿಸಿ ಆಗಿತ್ತು. ದಿನಾ ಬೆಳಿಗ್ಗೆ ಮೊಪೆಡ್ಡಿನಲ್ಲಿ ಬಂದು ಬಾಗಿಲು ತೆಗೆಯುವನು. ಚಪ್ಪಲಿಯ ಬಗ್ಗೆ ಅವನಿಗೆ ಹೆಚ್ಚೇನೂ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಅವನಿಗೆ ಇಷ್ಟವಾದದ್ದು ಖಾಲಿ ಡಬ್ಬಗಳು.

ನಾನು ಅದೇ ಊರಿನ ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಮೊದಲೇ ಹೇಳಿಬಿಡುತ್ತೇನೆ, ಆ ಮನುಷ್ಯನನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿತ್ತು. ಸಣ್ಣಪುಟ್ಟದ್ದಲ್ಲ. ಅವನ ಮೊಪೆಡ್ಡಿನ ಸದ್ದು ಕೇಳಿದರೆ ಸಾಕು, ಕೈಯಲ್ಲಿದ್ದ ಸೀಮೆಸುಣ್ಣ ಮುರಿಯುವಷ್ಟು. ಮೈಸೂರಿನಲ್ಲಿ ಐದು ವರ್ಷ ಚಿತ್ರಕಲೆ ಕಲಿತವಳು ನಾನು. ಅವನು ಓದಿದ್ದು ಏಳನೆಯ ಕ್ಲಾಸು. ಈ ಲೆಕ್ಕವನ್ನು ಎಷ್ಟು ಸಲ ಮನಸ್ಸಿನಲ್ಲಿ ಹಾಕಿದ್ದೇನೋ ನನಗೇ ಗೊತ್ತಿಲ್ಲ.

ನಮ್ಮ ಶಾಲೆಯಲ್ಲಿ ನಾಲ್ಕು ಮತ್ತು ಐದನೆಯ ತರಗತಿಗೆ ಪ್ರತಿವರ್ಷ ದಸರಾ ರಜೆ ಮುಗಿದ ಮೇಲೆ ಒಂದು ಪ್ರಾಜೆಕ್ಟು. ಶೂ ಡಬ್ಬದೊಳಗೆ ಯಾವುದಾದರೂ ಒಂದು ಪ್ರಾಣಿಯ ವಾಸಸ್ಥಳವನ್ನು ಮಾಡಿ ತರಬೇಕು. ಮಕ್ಕಳು ಮಾಡಬೇಕು ಎಂದು ಕಾಗದದಲ್ಲಿ ಇರುತ್ತದೆ. ಮಾಡುವವರು ಯಾರು ಎಂದು ಎಲ್ಲರಿಗೂ ಗೊತ್ತು. ಬೋರಣ್ಣ ಬರುವ ಮುಂಚೆ ಆ ದಿನಗಳಲ್ಲಿ ತಾಯಂದಿರು ಡಬ್ಬ, ಥರ್ಮಾಕೋಲು ಹಿಡಿದುಕೊಂಡು ಸಂಜೆ ನಮ್ಮ ಮನೆಗೆ ಬರುತ್ತಿದ್ದರು. "ಮೇಡಂ, ನಿಮ್ ಕೈ ಆಡಿದ್ರೆ ಸಾಕು" ಎನ್ನುತ್ತಿದ್ದರು. ನಾನು ಸ್ಪಂಜಿನಿಂದ ನೀಲಿ ಆಕಾಶ ಒತ್ತಿ, ಕೆಳಗೆ ಹತ್ತಿ ಹಾಸಿ, ಸ್ಟೇಷನರಿ ಅಂಗಡಿಯ ಪ್ಲಾಸ್ಟಿಕ್ ಪ್ರಾಣಿಯನ್ನು ನಟ್ಟನಡುವೆ ಅಂಟಿಸಿ, ಮೇಲೆ ಮಿನುಗುಪುಡಿ ಉದುರಿಸಿ ಕೊಡುತ್ತಿದ್ದೆ. ಬಿಳಿ ಕರಡಿಯಲ್ಲಿ ನನ್ನದು ಎತ್ತಿದ ಕೈ. ಆ ವರ್ಷಗಳಲ್ಲಿ ಕೆ.ಆರ್. ಪೇಟೆಯಲ್ಲಿದ್ದಷ್ಟು ಬಿಳಿ ಕರಡಿಗಳು ಕರ್ನಾಟಕದ ಇನ್ನಾವ ಊರಿನಲ್ಲೂ ಇದ್ದಿರಲಾರವು. ಹೊಗಳಿಕೆಯ ರುಚಿ ಹತ್ತಿಬಿಟ್ಟಿತ್ತು ನನಗೆ.

ಒಂದು ವರ್ಷ ಸಿಂಧಘಟ್ಟದಿಂದ ಶಾಲೆಯ ವ್ಯಾನಿನಲ್ಲಿ ಬರುವ ಒಬ್ಬ ಹುಡುಗಿ ಒಂದು ಡಬ್ಬ ತಂದಳು. ಅದರಲ್ಲಿ ಆಕಾಶವೇ ಇರಲಿಲ್ಲ. ಡಬ್ಬದ ತುಂಬ ಒಣಗಿದ ಕಬ್ಬಿನ ತರಗು, ಅದರ ನಡುವೆ ಬೆರಳಷ್ಟು ಎತ್ತರದ ಕಬ್ಬಿನ ಜಲ್ಲೆಗಳು, ಕೆಳಗೆ ಹಸಿಮಣ್ಣಿನ ಬದು. ಪ್ರಾಣಿ ಎಲ್ಲಿ ಎಂದು ನಾನು ಕೇಳಿದೆ. "ಬಗ್ಗಿ ಮಿಸ್" ಎಂದಳು. ಬಗ್ಗಿದೆ. ಬದುವಿನ ಮೂಲೆಯಲ್ಲಿ ಒಂದು ತೂತು, ತೂತಿನಲ್ಲಿ ಒಂದು ಮೂತಿ, ಎರಡು ಮೀಸೆ. ಗದ್ದೆ ಇಲಿ. ಅದು ನನ್ನನ್ನೇ ನೋಡುತ್ತಿತ್ತು. ನಾನು ಬೆಚ್ಚಿ ಹಿಂದೆ ಸರಿದದ್ದನ್ನು ಕಂಡು ಇಡೀ ತರಗತಿ ಗೊಳ್ಳೆಂದು ನಕ್ಕಿತು. ಆಮೇಲೆ ಆ ಡಬ್ಬದ ಮುಂದೆ ಸಾಲು ನಿಂತರು. ಪಕ್ಕದಲ್ಲಿ ನಾನು ಮಾಡಿಕೊಟ್ಟ ಏಳು ಡಬ್ಬಗಳಿದ್ದವು. ಅವುಗಳ ಮುಂದೆ ಒಬ್ಬರೂ ಇರಲಿಲ್ಲ.

"ಯಾರು ಮಾಡಿದ್ದು ಇದನ್ನ?" ಎಂದೆ.

"ನಾನೇ ಮಿಸ್, ಬೋರಣ್ಣ ತಾತನ ಅಂಗಡೀಲಿ."

ಆ ಮಾತಿನಲ್ಲಿ ನನಗೆ ಕೇಳಿಸಿದ್ದು ಎರಡನೆಯ ಅರ್ಧ ಮಾತ್ರ.

ಅದೇ ವಾರ ಚಪ್ಪಲಿ ಕೊಳ್ಳುವ ನೆಪ ಮಾಡಿಕೊಂಡು ಅಂಗಡಿಗೆ ಹೋದೆ. ಮೂಲೆಯಲ್ಲಿ ಒಂದು ಹುಡುಗಿ ಕೂತು ರಟ್ಟು ಕತ್ತರಿಸುತ್ತಿತ್ತು. ಬೋರಣ್ಣ ಅದರ ಎದುರು ಮೊಣಕಾಲೆತ್ತರದ ಸ್ಟೂಲಿನ ಮೇಲೆ, ಎರಡೂ ಅಂಗೈಗಳನ್ನು ತೊಡೆಯಡಿಗೆ ಸಿಕ್ಕಿಸಿಕೊಂಡು ಕೂತಿದ್ದ. ನಾನು ಹೋದದ್ದು ಕಂಡೂ ಕೈ ತೆಗೆಯಲಿಲ್ಲ. ಎಂಥ ಸೋಮಾರಿ, ಬಂದವರಿಗೆ ಒಂದು ನಮಸ್ಕಾರವೂ ಇಲ್ಲ ಎಂದುಕೊಂಡೆ. ಆಮೇಲೆ ಇನ್ನೊಂದು ಅನುಮಾನ ಬಂತು. ಇದೆಲ್ಲ ನನ್ನೆದುರಿನ ನಾಟಕ, ನಾನು ಅತ್ತ ಹೋದ ಕೂಡಲೇ ಕತ್ತರಿ ಇವನ ಕೈಗೆ ಬರುತ್ತದೆ.

ಅಷ್ಟರಲ್ಲಿ ಒಂದು ಮಗು ತಾಯಿಯ ಜೊತೆ ಡಬ್ಬ ಕೇಳಿಕೊಂಡು ಬಂತು. ಬೋರಣ್ಣ ಡಬ್ಬ ಕೊಡಲಿಲ್ಲ.

"ಯಾವ್ ಪ್ರಾಣಿ ಮಗಾ?"

"ಮೊಸಳೆ."

"ಅದು ಎಲ್ ಮನಿಕತದೆ?"

ಮಗು ತಾಯಿಯ ಮುಖ ನೋಡಿತು. ಶ್ರೀರಂಗಪಟ್ಟಣದ ಕಡೆ ಪಕ್ಷಿಧಾಮಕ್ಕೆ ಶಾಲೆಯಿಂದ ಹೋಗಿದ್ದೆವು, ಅಲ್ಲಿ ಬಂಡೆ ಮೇಲೆ ಮಲಗಿತ್ತು ಎಂದು ತಾಯಿ ಹೇಳಿಕೊಟ್ಟಳು.

"ಅದು ಬಿಸ್ಲು ಕಾಯ್ಸೋದು ಕಣವ್ವ. ನಾನು ಕೇಳಿದ್ದು ಮನಗೋದು. ಓಗ್ಲಿ, ಅದಕ್ಕೆ ಯಾರ್ ಕಂಡ್ರೆ ಭಯ?"

"ಮೊಸಳೆಗೆ ಭಯಾನಾ?" ಮಗು ನಕ್ಕಿತು.

"ಭಯ ಇಲ್ದೋರು ಮನೆ ಯಾಕೆ ಮಾಡ್ಕತಾರೆ? ಓಗು, ತಿಳ್ಕಂಬಾ. ನಿನ್ ಡಬ್ಬ ಎತ್ತಿಟ್ಟಿರ್ತೀನಿ, ಇನ್ನೊಬ್ರಿಗೆ ಕೊಡಾಕಿಲ್ಲ."

ಮಗು ನಿಜವಾಗಿಯೂ ಹೋಯಿತು. ಅಳಲಿಲ್ಲ, ಹಟ ಮಾಡಲಿಲ್ಲ, ಯಾವುದೋ ದೊಡ್ಡ ಕೆಲಸ ಸಿಕ್ಕಿದ ಹಾಗೆ ತಾಯಿಯನ್ನು ಎಳೆದುಕೊಂಡು ಹೋಯಿತು. ನನ್ನ ತರಗತಿಯಲ್ಲಿ "ನಾಳೆ ತಿಳಿದುಕೊಂಡು ಬಾ" ಎಂದರೆ ಮಕ್ಕಳು ಹೀಗೆ ಓಡಿದ್ದು ನನಗೆ ನೆನಪಿಲ್ಲ.

ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಚಪ್ಪಲಿಗಳನ್ನು ತೆಗೆದು ತೋರಿಸುತ್ತ ತಾನಾಗಿಯೇ ಮಾತು ತೆಗೆದ. "ಮೊನ್ನೆ ಒಂದ್ ಮಗ ಬಿಳಿ ಕರಡಿ ತಂದು ತೋರಿಸ್ತು ಕಣಮ್ಮ. ಯಾರೋ ದೊಡ್ಡೋರು ಮಾಡ್ಕೊಟ್ಟವ್ರೆ. ಕೆಲ್ಸ ಏನೋ ಸಾಪಾಗದೆ. ಆದ್ರೆ ಬರೀ ಹತ್ತಿ. ಆ ಕರಡಿ ಹತ್ತಿ ಮೇಲೆ ನಿಂತ್ಕಂಡು, ಇಂಜೆಕ್ಷನ್‌ಗೆ ಕಾಯೋ ಅಂಗೆ ಕಾಣ್ತದೆ. ಪಾಪ ಅನ್ನಿಸ್ಬುಡ್ತು."

ಅದು ನನ್ನದೇ ಕರಡಿ. ಯಾವ ಅಳತೆ ಎಂದು ಅವನು ಕೇಳಿದಾಗ ಏನು ಹೇಳಿದೆನೋ, ಮನೆಗೆ ಬಂದು ನೋಡಿದರೆ ಚಪ್ಪಲಿ ಒಂದು ಅಳತೆ ಚಿಕ್ಕದು. ಹಿಂದಿರುಗಿಸಲು ಮತ್ತೆ ಆ ಮುಖ ನೋಡಬೇಕಲ್ಲ ಎಂದು ಅದನ್ನು ನನ್ನ ನಾದಿನಿಗೆ ಕೊಟ್ಟುಬಿಟ್ಟೆ. ಆ ಸಂಜೆ ನಮ್ಮ ಮನೆಯವರಿಗೆ ಎಲ್ಲವನ್ನೂ ಹೇಳಿದೆ, ಕರಡಿಯದೊಂದನ್ನು ಬಿಟ್ಟು. ಅವರು ಮುದ್ದೆ ಮುರಿಯುತ್ತ, "ಒಳ್ಳೆ ಮನುಷ್ಯ ಅಂತಾರಪ್ಪ" ಎಂದರು. ಇದೂ ನನಗೆ ಸೇರಲಿಲ್ಲ.

ಮುಂದಿನ ವರ್ಷ ನನ್ನ ಮಗಳು ಸಿರಿ ಐದನೆಯ ತರಗತಿಗೆ ಬಂದಳು. ಅವಳು ತಂದ ಬಹುಮಾನಗಳೆಲ್ಲ ನಮ್ಮ ಷೋಕೇಸಿನಲ್ಲಿದ್ದವು, ಅವುಗಳಲ್ಲಿ ಅರ್ಧ ನಾನು ಮಾಡಿದ ಕೆಲಸಕ್ಕೆ ಬಂದವು. ಇದನ್ನು ತಪ್ಪು ಎಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ತಾಯಿ ಜಡೆ ಹಾಕುವುದಿಲ್ಲವೇ, ಹಾಗೆ. ಆದರೆ ಆ ವರ್ಷ ಹುಡುಗಿ ಬದಲಾದಳು. ಶಾಲೆ ಬಿಟ್ಟ ಮೇಲೆ ಸ್ನೇಹಿತೆಯ ಮನೆ ಎಂದು ಹೋಗುವಳು, ಬಂದರೆ ಮೈಗೆಲ್ಲ ಹೊಸ ರಬ್ಬರಿನ ವಾಸನೆ. ಊಟಕ್ಕೆ ಕೂತರೆ ಬೋರಣ್ಣ ತಾತ ಹಾಗಂದ, ಬೋರಣ್ಣ ತಾತ ಹೀಗಂದ. ಗೂಬೆ ಗೂಡು ಕಟ್ಟಲ್ಲವಂತೆ ಅಮ್ಮ. ಆಮೆ ತಾನಿಟ್ಟ ಮೊಟ್ಟೆಯನ್ನ ತಿರುಗಿ ನೋಡಲ್ಲವಂತೆ ಅಮ್ಮ. "ಊಟ ಮಾಡು ಮೊದಲು" ಎನ್ನುತ್ತಿದ್ದೆ. ನಾನು ಒಂದು ಚಿತ್ರ ಬರೆದು ತೋರಿಸಿದರೆ ಅವಳು "ಚೆನ್ನಾಗಿದೆ" ಎನ್ನುತ್ತಿದ್ದಳು. ಮೊದಲೂ ಅದನ್ನೇ ಅನ್ನುತ್ತಿದ್ದಳು, ಆದರೆ ಈಗ ಬಂದವರಿಗೆ ಹೇಳುವ ಹಾಗೆ. ನನ್ನ ಕೈಯ ಗುಣ ಗೊತ್ತಿದ್ದ ಒಂದೇ ಒಂದು ಜೀವ ಅದು ಎಂದುಕೊಂಡಿದ್ದೆ. ಅದೂ ಆ ಅಂಗಡಿಗೆ ಹೋಯಿತಲ್ಲ ಎಂದು ಒಂದು ದಿನ ಅಡುಗೆಮನೆಯಲ್ಲಿ ಅತ್ತದ್ದುಂಟು.

ಆ ಸಲ ಪಾಂಡವಪುರದಲ್ಲಿ ಸುತ್ತಲಿನ ಶಾಲೆಗಳೆಲ್ಲ ಸೇರಿ ಮಕ್ಕಳ ವಿಜ್ಞಾನ ಪ್ರದರ್ಶನ ಮಾಡಿದರು. ಡಬ್ಬಗಳ ವಿಭಾಗಕ್ಕೆ ತೀರ್ಪುಗಾರರು ಇಬ್ಬರು. ನಾಗಮಂಗಲದ ಒಬ್ಬ ವಿಜ್ಞಾನ ಮೇಷ್ಟ್ರು ಮತ್ತು ನಾನು. ಡಬ್ಬದ ಮೇಲೆ ಮಕ್ಕಳ ಹೆಸರಿರುವುದಿಲ್ಲ, ನಂಬರು ಮಾತ್ರ ಇರುತ್ತದೆ. ಆದ್ದರಿಂದ ನನ್ನ ಮಗಳು ಸ್ಪರ್ಧೆಯಲ್ಲಿದ್ದಾಳೆ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಾನೂ ಕೆಡಿಸಿಕೊಳ್ಳಲಿಲ್ಲ. ಯಾಕೆಂದರೆ ಅವಳ ಡಬ್ಬ ಯಾವುದೆಂದು ನನಗೆ ಗೊತ್ತಿತ್ತು. ಹುಲಿ. ಎರಡು ವಾರ ಕೂತು ನಾನೇ ಮಾಡಿದ್ದು. ಬಿದಿರು ಮೆಳೆ, ಕನ್ನಡಿ ಚೂರಿನ ಕೊಳ, ಕೊಳದಲ್ಲಿ ಹುಲಿಯ ನೆರಳು. ಹತ್ತಿ ಒಂದೆಳೆಯೂ ಇರಲಿಲ್ಲ, ಅದನ್ನು ಬೇಕೆಂತಲೇ ಬಿಟ್ಟಿದ್ದೆ. ಅದನ್ನು ಚೀಲದಲ್ಲಿಟ್ಟು, ಶಾಲೆಯ ವ್ಯಾನಿನಲ್ಲಿ ಜೋಪಾನವಾಗಿ ತಾ ಎಂದು ಸಿರಿಗೆ ಹೇಳಿ, ನಾನು ಬೆಳಿಗ್ಗೆಯೇ ಬಸ್ಸು ಹತ್ತಿದ್ದೆ.

ಮಕ್ಕಳನ್ನು ಪಲಾವ್ ತಿನ್ನಲು ಹೊರಗೆ ಕಳಿಸಿ ನಾವು ಹಾಲಿನೊಳಗೆ ಹೋದೆವು. ಮೇಜಿನಿಂದ ಮೇಜಿಗೆ ಹುಡುಕಿದೆ. ಹುಲಿ ಇಲ್ಲ. ಬೇರೆ ಕೋಣೆಯಲ್ಲೂ ಒಂದಷ್ಟು ಇಟ್ಟಿದ್ದಾರೆ ಎಂದರು, ಅಲ್ಲಿರಬೇಕು ಎಂದುಕೊಂಡೆ. ಆಗ ಇಪ್ಪತ್ತಮೂರನೆಯ ನಂಬರಿನ ಡಬ್ಬ ಕಣ್ಣಿಗೆ ಬಿತ್ತು.

ಹೊಳೆಯ ದಡ. ನಿಜವಾದ ಹೊಂಗೆ ಬೇರುಗಳು ಹೆಣೆದುಕೊಂಡು ಇಳಿಬಿದ್ದಿದ್ದವು. ಕೆಳಗೆ ಮರಳು, ಮರಳಿನ ಮೇಲೆ ಪುಟ್ಟ ಪುಟ್ಟ ಹೆಜ್ಜೆ ಗುರುತು, ಅಲ್ಲಲ್ಲಿ ಮೀನಿನ ಹುರುಪೆ. ಹೆಜ್ಜೆಗಳು ಬೇರುಗಳ ನಡುವಿನ ಒಂದು ಪೊಟರೆಯ ಕಡೆ ಹೋಗಿ ನಿಂತಿದ್ದವು. ಪ್ರಾಣಿ ಕಾಣಲಿಲ್ಲ. ನಾಗಮಂಗಲದ ಮೇಷ್ಟ್ರು ಬಗ್ಗಿ ನೋಡಿ, "ಅರೆ, ನೀರುನಾಯಿ! ಮರಿ ತಬ್ಕೊಂಡು ಮನ್ಗದೆ ಮೇಡಂ, ನೋಡಿ ಬನ್ನಿ" ಎಂದು ಕೂಗಿದರು. "ಇದಕ್ಕೆ ಫಸ್ಟು. ಇದರಲ್ಲಿ ಎರಡು ಮಾತೇ ಇಲ್ಲ."

ನಾನು ಬಗ್ಗಲಿಲ್ಲ. ಬಗ್ಗುವ ಅಗತ್ಯ ನನಗಿರಲಿಲ್ಲ, ಅದು ಯಾರ ಅಂಗಡಿಯಿಂದ ಬಂದದ್ದೆಂದು ನಿಂತಲ್ಲೇ ಗೊತ್ತಾಗಿತ್ತು. ಮಕ್ಕಳು ಸ್ವಂತವಾಗಿ ಮಾಡಿರಬೇಕು ಎಂಬ ನಿಯಮವಿದೆಯಲ್ಲ ಎಂದೆ. ಮೇಷ್ಟ್ರು ವಾದ ಮಾಡಿದರು. ನಾನು ಹದಿನೈದು ವರ್ಷದ ಅನುಭವ ಎಂದೆ, ಮೈಸೂರು ಎಂದೆ, ಚಿತ್ರಕಲೆ ಎಂದೆ. ಅವರು ಬಿಟ್ಟುಕೊಟ್ಟರು. ಡಬ್ಬಕ್ಕೆ ಅಂಟಿಸಿದ್ದ ತೀರ್ಪಿನ ಚೀಟಿಯ ಮೇಲೆ ಕೆಂಪು ಪೆನ್ನಿನಿಂದ ದೊಡ್ಡದಾಗಿ ಬರೆದೆ: "ದೊಡ್ಡವರು ಮಾಡಿಕೊಟ್ಟದ್ದು. ಸ್ಪರ್ಧೆಗೆ ಪರಿಗಣಿಸಿಲ್ಲ." ಬರೆದಾಗ ನನಗೆ ಸುಖವೆನಿಸಿತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಫಲಿತಾಂಶಕ್ಕೆ ಮುಂಚೆ ಮಕ್ಕಳು ಬಂದು ತಮ್ಮ ತಮ್ಮ ಡಬ್ಬದ ಹಿಂದೆ ನಿಂತರು. ಇಪ್ಪತ್ತಮೂರನೆಯ ನಂಬರಿನ ಹಿಂದೆ ಸಿರಿ ನಿಂತಳು.

ಚೀಟಿ ಓದಿದಳು. ನನ್ನ ಅಕ್ಷರ ಅವಳಿಗೆ ಗೊತ್ತಿಲ್ಲದ್ದೇನಲ್ಲ, ಅದನ್ನು ನೋಡಿಯೇ ಅವಳು ಅ ಆ ತಿದ್ದಿದ್ದು. ನಾನು ಹತ್ತಿರ ಹೋದೆ.

"ನಾನೇ ಮಾಡಿದ್ದಮ್ಮ ಇದು" ಎಂದಳು ಸಣ್ಣಗೆ. "ಹುಲಿ ಡಬ್ಬ ಮನೇಲೇ ಬಿಟ್ಟು ಬಂದೆ. ಅದು ದೊಡ್ಡವರು ಮಾಡಿದ್ದಲ್ವಾ, ಅದಕ್ಕೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಬದುಕುತ್ತಿದ್ದೆ. ಹತ್ತು ಹೆಜ್ಜೆ ಆಚೆ ನಾಗಮಂಗಲದ ಮೇಷ್ಟ್ರು ಪಟ್ಟಿ ಹಿಡಿದು ನಿಂತಿದ್ದರು. ತಪ್ಪಾಯಿತು, ತಿದ್ದಿ ಎಂದು ಹೇಳಲು ಇನ್ನೂ ಸಮಯವಿತ್ತು. ಹೇಳಿದರೆ ಮಗಳಿಗಾಗಿ ತೀರ್ಪು ಬದಲಿಸಿದಳು ಎನ್ನುತ್ತಾರೆ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ಬಹುಮಾನವನ್ನು ಯಾರೋ ಪೆಂಗ್ವಿನ್ ಡಬ್ಬದವರು ತೆಗೆದುಕೊಂಡು ಹೋದರು.

ವಾಪಸು ಬರುವಾಗ ಸಿರಿಯನ್ನು ನನ್ನ ಜೊತೆ ಬಸ್ಸಿನಲ್ಲೇ ಕರೆತಂದೆ, ಒಂದೊಂದಾಗಿ ಕೇಳಿ ತಿಳಿದುಕೊಂಡೆ. ಭಾನುವಾರಗಳಲ್ಲಿ ಅಕ್ಕಿಹೆಬ್ಬಾಳಿನ ಹೊಳೆಗೆ ಹೋಗಿದ್ದರಂತೆ. ಕರೆದುಕೊಂಡು ಹೋದವರು ನಮ್ಮ ಮನೆಯವರೇ. ಅಪ್ಪ ಮಗಳಿಬ್ಬರೂ ಬೋರಣ್ಣನ ಜೊತೆ ದಡದಲ್ಲಿ ಉಸಿರು ಬಿಗಿಹಿಡಿದು ಕೂತು ನೀರುನಾಯಿ ನೋಡಿದ್ದಾರೆ. ಮೂರನೆಯ ಭಾನುವಾರ ಕಂಡಿತಂತೆ. ಇಡೀ ಸಂಸಾರಕ್ಕೆ ಗೊತ್ತಿದ್ದದ್ದು ನನಗೊಬ್ಬಳಿಗೆ ಗೊತ್ತಿರಲಿಲ್ಲ.

"ಅವನು ಏನೂ ಮಾಡಿಕೊಡಲಿಲ್ವಾ? ಒಂದು ಬೇರನ್ನಾದರೂ?" ಎಂದೆ.

"ತಾತ ಮುಟ್ಟೋದೇ ಇಲ್ಲಮ್ಮ. ಕೈ ಮೇಲೆ ಕೂತ್ಕೋತಾನೆ. 'ಈ ಕೈಗಳು ಸುಮ್ಕಿರಾಕಿಲ್ಲ ಕಣವ್ವ, ಅದಕ್ಕೆ ಇವುನ್ನ ಕೂಡಾಕಿವ್ನಿ' ಅಂತಾನೆ. ಒಂದ್ಸಲ ನಾನು ಅಂಟು ಜಾಸ್ತಿ ಹಾಕಿ ಎಲ್ಲ ಹಾಳಾದಾಗ ಅವನಿಗೇ ಅಳು ಬಂದಿತ್ತು. ಆದ್ರೂ ಕೈ ತೆಗೀಲಿಲ್ಲ."

ಹದಿನೈದು ವರ್ಷ ಪಾಠ ಮಾಡಿದ ನನಗೆ ಆ ವಿದ್ಯೆ ಬಂದಿರಲಿಲ್ಲ. ಮಗು ಕುಂಚವನ್ನು ಸೊಟ್ಟ ಹಿಡಿದರೆ ಸಾಕು, ನನ್ನ ಕೈ ತಾನೇ ಹೋಗಿ ಅದರ ಕೈ ಮೇಲೆ ಕೂರುತ್ತಿತ್ತು. ಆ ದಿನ ಬಸ್ಸಿನಲ್ಲಿ ನನಗೆ ನಾಚಿಕೆಯಾಯಿತು. ಹೊಟ್ಟೆಕಿಚ್ಚು ಮಾತ್ರ ಹೋಗಲಿಲ್ಲ, ಇನ್ನೊಂದು ಕಟ್ಟಿಗೆ ಬಿದ್ದಿತ್ತು ಅದಕ್ಕೆ.

ಸೋಮವಾರ ಅಂಗಡಿಗೆ ಹೋದೆ. ಹೇಳಿಬಿಡಬೇಕು ಎಂದೇ ಹೋದದ್ದು. ಹೋಗಿ ನೋಡಿದರೆ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ, ದೇವರ ಪಟದ ಪಕ್ಕದಲ್ಲಿ, ನನ್ನ ಕೆಂಪಕ್ಷರದ ಚೀಟಿ. ಸಿರಿ ಕೊಟ್ಟಿದ್ದಳು. ಬೋರಣ್ಣ ಅದನ್ನು ನೆಟ್ಟಗೆ ಅಂಟಿಸಿದ್ದ.

"ಬನ್ನಿ ಟೀಚರಮ್ಮ" ಎಂದ. ನಾನು ಸಿರಿಯ ತಾಯಿ ಎಂದು ಈಗ ಅವನಿಗೆ ಗೊತ್ತಿತ್ತು. "ನೋಡುದ್ರಾ? ಐದ್ನೇ ಕ್ಲಾಸ್ ಕೂಸು ಮಾಡಿದ್ದ ನೋಡಿ ದೊಡ್ಡೋರು ಮಾಡವ್ರೆ ಅಂತ ಬರ್ದವ್ರೆ. ಇದಕ್ಕಿಂತ ಪ್ರೈಜು ಬೇಕಾ? ಬಂದ್ ಮಕ್ಳಿಗೆಲ್ಲ ತೋರಿಸ್ತಾವ್ನಿ." ಆಮೇಲೆ ನನ್ನ ಮುಖ ನೋಡುತ್ತ, "ಬರ್ದೋರು ಯಾರೋ ಏನೋ. ಒಳ್ಳೆ ಅಕ್ಷರ" ಎಂದ.

ಬಾಯಿ ತೆರೆದೆ. "ಎಂಟನೇ ನಂಬರಿನ ಚಪ್ಪಲಿ ಇದೆಯಾ?" ಎಂದೆ.

ಆ ಮೇಲೆ ಮೂರು ವರ್ಷಗಳಲ್ಲಿ ಎಷ್ಟು ಸಲ ಹೋದೆನೋ. ಪ್ರತಿ ಸಲವೂ ಇವತ್ತು ಹೇಳುತ್ತೇನೆ ಎಂದು ಹೋಗುವುದು, ಪ್ರತಿ ಸಲವೂ ಆ ಚೀಟಿ ಕಂಡು ಒಂದು ಜೊತೆ ಕೊಂಡು ಬರುವುದು. ಕಪ್ಪು, ಕಂದು, ಮನೆಯೊಳಗೆ ಹಾಕುವುದು, ಮಳೆಗಾಲದ್ದು. ಮನೆಯವರು, "ನಿನಗೇನು ನಾಲ್ಕು ಕಾಲಾ?" ಎಂದು ಕೇಳಿದರು. ಬೋರಣ್ಣ ಮಾತ್ರ ಒಮ್ಮೆಯೂ ಕೇಳಲಿಲ್ಲ. ಸ್ಟೂಲು ಕೊಡುವನು, ಟೀ ತರಿಸುವನು, ಹೊರಡುವಾಗ "ಇನ್ನೇನಾದ್ರೂ ಇತ್ತಾ ಟೀಚರಮ್ಮ?" ಎನ್ನುವನು. ಏನೂ ಇಲ್ಲ ಎಂದು ನಾನು ಹೊರಟುಬಿಡುತ್ತಿದ್ದೆ. ಕೊನೆಯ ಸಲ ನೋಡಿದಾಗಲೂ ಅಷ್ಟೇ. ಆ ದಿನ ಅವನಿಗೆ ಕೆಮ್ಮಿತ್ತು. ಕಷಾಯ ಕುಡಿಯಿರಿ ಎಂದಷ್ಟೇ ಹೇಳಿ ಬಂದೆ.

ಹೋದ ಕಾರ್ತಿಕದಲ್ಲಿ ಬೋರಣ್ಣ ತೀರಿಕೊಂಡ. ತಿಥಿಗೆ ಅಕ್ಕಿಹೆಬ್ಬಾಳಿಗೆ ಹೋದೆವು, ಸಿರಿ ಮತ್ತು ನಾನು. ಎಡೆಯ ಮುಂದೆ ಅವನ ತಂಗಿ ಬೀಡಿ ಕಟ್ಟು, ಒಂದು ಲೋಟ ಟೀ ಇಟ್ಟಿದ್ದಳು. ಕೆ.ಆರ್. ಪೇಟೆಯಿಂದ ಹತ್ತಿಪ್ಪತ್ತು ಮಕ್ಕಳು ತಮ್ಮ ಅಪ್ಪ ಅಮ್ಮಂದಿರ ಜೊತೆ ಬಂದಿದ್ದರು. ಎಂಟನೆಯ ತರಗತಿಗೆ ಬಂದಿರುವ ಸಿರಿ, ನನ್ನೆದುರು ಅಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿರುವ ಸಿರಿ, ಅವನ ಫೋಟೋ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅವಳ ಬೆನ್ನು ಸವರುತ್ತ ನಿಂತ ನಾನು, ನಾನು ಸತ್ತರೆ ಇವಳು ಹೀಗೆ ಅಳುತ್ತಾಳೆಯೇ ಎಂದು ಯೋಚಿಸುತ್ತಿದ್ದೆ. ಆ ಜಾಗದಲ್ಲಿ, ಆ ಹೊತ್ತಿನಲ್ಲಿ ಕೂಡ.

ಬರುವಾಗ ಬಸ್ಸಿನಲ್ಲಿ ತಡೆಯಲಾಗಲಿಲ್ಲ. "ಆ ಚೀಟಿ ಬರೆದದ್ದು ನಾನೇ ಅಂತ ಅವನಿಗೆ ಹೇಳಲೇ ಇಲ್ಲ ಕಣೇ" ಎಂದೆ.

"ಅವನಿಗೆ ಗೊತ್ತಿತ್ತಮ್ಮ" ಎಂದಳು ಕಿಟಕಿಯ ಕಡೆ ನೋಡುತ್ತ. "ಅವತ್ತು ಸಂಜೇನೇ ಹೋಗಿ ಹೇಳಿದ್ದೆ. 'ಯಾರ್ಗೂ ಯೋಳ್ಬೇಡ ಕಣವ್ವ, ನಿಮ್ಮವ್ವ ಬತ್ತರೆ, ಅವ್ರೇ ಯೋಳ್ತರೆ' ಅಂದ. ನೀನು ಅಂಗಡಿಗೆ ಹೋಗಿ ಬಂದಾಗೆಲ್ಲ ಕೇಳ್ತಿದ್ದೆ, ಅಮ್ಮ ಹೇಳಿದ್ರಾ ತಾತ ಅಂತ. 'ಇಲ್ಲ ಕಣವ್ವ, ಇವತ್ತೂ ಚಪ್ಲಿ ತಗಂಡೋದ್ರು' ಅನ್ನೋನು."

ಮೂರು ವರ್ಷ ಅವಳು ಕೇಳಿದ್ದು ಅವನನ್ನು. ನನ್ನನ್ನು ಒಂದು ಸಲವೂ ಕೇಳಿರಲಿಲ್ಲ.